ಫಾರ್ಟಿನೈನರ್ (ಹಾಯಿದೋಣಿ ವರ್ಗ)

ಫಾರ್ಟಿನೈನರ್ ಇಬ್ಬರು ನಾವಿಕರು ಸೇರಿ ನಡೆಸುವ, ಅತಿವೇಗದ ಸ್ಪರ್ಧಾ ಹಾಯಿದೋಣಿಗಳ ಒಂದು ವರ್ಗ. ಆಸ್ಟ್ರೇಲಿಯಾದ ಜೂಲಿಯನ್ ಬೆಥ್‌ವೇಟ್ 1990ರ ದಶಕದ ಮಧ್ಯಭಾಗದಲ್ಲಿ ಇದನ್ನು ವಿನ್ಯಾಸಗೊಳಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇಂದಿನವರೆಗೂ ಇದು ಒಲಿಂಪಿಕ್ ಹಾಯಿದೋಣಿ ಸ್ಪರ್ಧೆಗಳ ಭಾಗವಾಗಿದೆ. ಇದೇ ಒಡಲಿಗೆ ಚಿಕ್ಕ ಹಾಯಿಗಳನ್ನು ಜೋಡಿಸಿ ರೂಪಿಸಿದ ಫಾರ್ಟಿನೈನರ್ ಎಫ್‌ಎಕ್ಸ್ ಎಂಬ ಮಹಿಳಾ ವರ್ಗವು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು. ಭಾರತವು ಈ ವರ್ಗದಲ್ಲಿ ಎರಡು ಬಾರಿ, 2004ರ ಅಥೆನ್ಸ್ ಮತ್ತು 2020ರ ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದೆ. ಟೋಕಿಯೊದಲ್ಲಿ ಸ್ಪರ್ಧಿಸಿದ ಜೋಡಿಯಲ್ಲಿ ಒಬ್ಬರು ಕೊಡವ ಮನೆತನದ ಕೇಳಪಂಡ ಚೆಂಗಪ್ಪ ಗಣಪತಿ.

ದೋಣಿಯ ಉದ್ದ 4.99 ಮೀಟರ್, ಹೆಸರಿನ ಮೂಲ ಈ ಅಂಕಿಯೇ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಹುಡುಕಿ ಹೋದವರಿಗಿದ್ದ ಇದೇ ಹೆಸರಿಗಾಗಲಿ, ಅದನ್ನು ಹೊತ್ತ ಸ್ಯಾನ್ ಫ್ರಾನ್ಸಿಸ್ಕೊದ ಫುಟ್‌ಬಾಲ್ ತಂಡಕ್ಕಾಗಲಿ ಈ ದೋಣಿಯೊಂದಿಗೆ ಸಂಬಂಧವಿಲ್ಲ.

ಹಿನ್ನೆಲೆ

ಸಿಡ್ನಿ ಬಂದರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ‘ಸ್ಕಿಫ್’ ಎಂದು ಕರೆಯಲಾಗುವ ಹಗುರ ದೋಣಿಗಳ ಪಂದ್ಯಗಳು ನಡೆಯುತ್ತ ಬಂದಿವೆ. ಒಡಲು ಚಿಕ್ಕದು, ಹಾಯಿ ಅಳತೆ ಮೀರಿದ್ದು, ಸಮತೋಲನವೆಲ್ಲ ನಾವಿಕರ ಮೈಭಾರದ್ದು: ಇದು ಆ ದೋಣಿಗಳ ಲಕ್ಷಣ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಹದಿನೆಂಟು ಅಡಿಯ ಸ್ಕಿಫ್. ಜೂಲಿಯನ್ ಬೆಥ್‌ವೇಟ್ ಈ ಪಂದ್ಯಗಳಲ್ಲೇ ಪಳಗಿದವರು. ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿದ ಕೋಲಿಗೆ ಕಟ್ಟುವ ಅಸಮ್ಮಿತ ಸ್ಪಿನ್ನಕರ್ ಹಾಯಿಯನ್ನು ಹದಿನೆಂಟು ಅಡಿಯ ಸ್ಕಿಫ್‌ಗಳಲ್ಲಿ ಬಳಕೆಗೆ ತಂದವರಲ್ಲಿ ಅವರೂ ಒಬ್ಬರು. ಅವರ ತಂದೆ ಫ್ರಾಂಕ್ ಬೆಥ್‌ವೇಟ್ ನ್ಯೂಜಿಲೆಂಡ್ ಮೂಲದವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದು, ಬಳಿಕ ಪವನಶಾಸ್ತ್ರ ಮತ್ತು ದೋಣಿ ವಿನ್ಯಾಸಗಳಲ್ಲಿ ತೊಡಗಿದವರು. ಗಾಳಿಯ ಸ್ವಭಾವ ಮತ್ತು ವೇಗದ ದೋಣಿಗಳ ಕುರಿತು ಅವರು ಬರೆದ ‘ಹೈ ಪರ್ಫಾರ್ಮೆನ್ಸ್ ಸೈಲಿಂಗ್’ ಎಂಬ ಗ್ರಂಥ ಈ ಕ್ರೀಡೆಯ ಆಧಾರಗ್ರಂಥಗಳಲ್ಲಿ ಒಂದೆಂದು ಗಣಿತವಾಗಿದೆ. ಮಗನ ದೋಣಿಯಲ್ಲಿ ತಂದೆಯ ಅಧ್ಯಯನದ ಛಾಯೆ ಸ್ಪಷ್ಟವಾಗಿ ಕಾಣುತ್ತದೆ.

1990ರ ದಶಕದ ಆರಂಭದ ವೇಳೆಗೆ ಒಲಿಂಪಿಕ್ ಹಾಯಿದೋಣಿ ಸ್ಪರ್ಧೆಗಳು ನೋಡುಗರಿಗೆ ನಿಧಾನವಾಗಿಯೂ ನೀರಸವಾಗಿಯೂ ಕಾಣುತ್ತಿವೆ ಎಂಬ ಆಕ್ಷೇಪ ಬಲವಾಗಿತ್ತು. ಇಬ್ಬರ ವೇಗದ ದೋಣಿಯೆಂದು ಹೆಸರಾಗಿದ್ದ ಫ್ಲೈಯಿಂಗ್ ಡಚ್‌ಮನ್ ವರ್ಗವು 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿದ್ದು ಹಿಂದೆ ಸರಿದಿತ್ತು. ಹೊಸ ದೋಣಿಯೊಂದನ್ನು ಆರಿಸುವುದಕ್ಕಾಗಿ ಅಂತರರಾಷ್ಟ್ರೀಯ ಹಾಯಿದೋಣಿ ಒಕ್ಕೂಟವು 1996ರಲ್ಲಿ ಇಟಲಿಯ ಗಾರ್ಡಾ ಸರೋವರದಲ್ಲಿ ಪರೀಕ್ಷಾರ್ಥ ಓಟಗಳನ್ನು ಏರ್ಪಡಿಸಿತು. ಲೇಸರ್ 5000 ಮೊದಲಾದ ದೋಣಿಗಳ ನಡುವೆ ಫಾರ್ಟಿನೈನರ್ ಆಯ್ಕೆಯಾಯಿತು. ಬಳಕೆಗೆ ಬಂದು ಒಂದೆರಡು ವರ್ಷವೂ ತುಂಬದ ದೋಣಿಯೊಂದು ನೇರವಾಗಿ ಒಲಿಂಪಿಕ್ ವರ್ಗವಾದದ್ದು ಆ ದಿನಗಳಲ್ಲಿ ಅಪರೂಪದ ಸಂಗತಿ.

ರಚನೆ

ದೋಣಿಯ ಒಡಲು ಫೋಮ್ ತಿರುಳನ್ನು ನಡುವೆ ಇರಿಸಿ ಎರಡೂ ಬದಿಗೆ ನಾರುಬಲಿತ ಪದರಗಳನ್ನು ಹೊದಿಸಿದ ಹಗುರ ರಚನೆ. ನೀರಿಗೆ ತಾಗುವ ಭಾಗ ಕಿರಿದು. ಎರಡೂ ಪಕ್ಕಗಳಲ್ಲಿ ನೀರಿನಿಂದ ಮೇಲಕ್ಕೆ ಚಾಚಿದ ‘ರೆಕ್ಕೆ’ಗಳಿವೆ. ರೆಕ್ಕೆಗಳೂ ಸೇರಿದಂತೆ ಅಗಲ 2.9 ಮೀಟರ್. ನಾವಿಕರಿಬ್ಬರೂ ಈ ರೆಕ್ಕೆಯ ಅಂಚಿನಲ್ಲಿ ಪಾದ ಊರಿ, ಸೊಂಟದ ಪಟ್ಟಿಯನ್ನು ಹಾಯಿಕಂಬದಿಂದ ಇಳಿಬಿದ್ದ ತಂತಿಗೆ ಸಿಕ್ಕಿಸಿ, ಇಡೀ ಮೈಯನ್ನು ನೀರಿನ ಮೇಲಕ್ಕೆ ಚಾಚುತ್ತಾರೆ. ಈ ತಂತಿಗೆ ಟ್ರಪೀಝ್ ಎಂದು ಹೆಸರು. ಹಿಂದಿನ ಒಲಿಂಪಿಕ್ ದೋಣಿಗಳಾದ ಫ್ಲೈಯಿಂಗ್ ಡಚ್‌ಮನ್ ಮತ್ತು 470ಗಳಲ್ಲಿ ಒಬ್ಬ ನಾವಿಕನಿಗೆ ಮಾತ್ರ ಟ್ರಪೀಝ್ ಇರುತ್ತಿತ್ತು. ಇಲ್ಲಿ ಚುಕ್ಕಾಣಿ ಹಿಡಿದವರೂ ಉದ್ದನೆಯ ಕೋಲಿನ ನೆರವಿನಿಂದ ತೂಗಾಡುತ್ತಲೇ ದೋಣಿಯನ್ನು ತಿರುಗಿಸಬೇಕು.

ಮುಖ್ಯ ಹಾಯಿ ಮತ್ತು ಮುಂಗಡೆಯ ಜಿಬ್ ಹಾಯಿಗಳ ಒಟ್ಟು ವಿಸ್ತೀರ್ಣ ಸುಮಾರು 21 ಚದರ ಮೀಟರ್. ಬೆನ್ನುಗಾಳಿಯಲ್ಲಿ ಬಿಚ್ಚುವ ಸ್ಪಿನ್ನಕರ್ ಒಂದೇ ಸುಮಾರು 38 ಚದರ ಮೀಟರ್. ಐದು ಮೀಟರ್ ಉದ್ದದ ದೋಣಿಗೆ ಇದು ವಿಪರೀತವೆನ್ನಬಹುದಾದ ಪ್ರಮಾಣ. ಜಿಬ್ ಹಾಯಿ ದೋಣಿ ತಿರುಗಿದೊಡನೆ ತಾನಾಗಿಯೇ ಮತ್ತೊಂದು ಪಕ್ಕಕ್ಕೆ ಸರಿಯುತ್ತದೆ. ಆರಂಭದ ಹಾಯಿಕಂಬದ ಕೆಳಭಾಗ ಅಲ್ಯೂಮಿನಿಯಂನದಾಗಿದ್ದು, 2009ರಲ್ಲಿ ಇಡೀ ಕಂಬವನ್ನು ಕಾರ್ಬನ್ ನಾರಿನದಾಗಿ ಬದಲಿಸಲಾಯಿತು. ಮುಖ್ಯ ಹಾಯಿಯ ತುದಿ ಚೂಪಾಗಿದ್ದುದು ಚೌಕವಾಯಿತು. ಇದು ‘ಏಕರೂಪ ವಿನ್ಯಾಸ’ದ ವರ್ಗ. ಪರವಾನಗಿ ಪಡೆದ ಕಾರ್ಖಾನೆಗಳು ಒಂದೇ ಅಚ್ಚಿನಿಂದ ದೋಣಿಗಳನ್ನು ತಯಾರಿಸುವುದರಿಂದ ಸ್ಪರ್ಧೆ ನಾವಿಕರ ನಡುವೆಯೇ ಹೊರತು ದೋಣಿ ಕಟ್ಟುವವರ ನಡುವೆ ಅಲ್ಲ.

ಚಾಲನೆಯ ಬಗೆ

ಫಾರ್ಟಿನೈನರ್ ನಿಂತಲ್ಲಿ ನಿಲ್ಲುವ ದೋಣಿಯಲ್ಲ. ನಾವಿಕರಿಲ್ಲದೆ ನೀರಿನ ಮೇಲೆ ಬಿಟ್ಟರೆ ಹಾಯಿಕಂಬದ ಭಾರಕ್ಕೇ ಮಗುಚಿಕೊಳ್ಳುತ್ತದೆ. ಓಡುತ್ತಿರುವಾಗ ಅದನ್ನು ನೆಟ್ಟಗೆ ಇರಿಸುವುದು ವೇಗ ಮತ್ತು ಇಬ್ಬರ ಮೈಭಾರ. ಗಾಳಿಯ ಒಂದು ಹೊಡೆತಕ್ಕೆ ಇಬ್ಬರೂ ಒಂದೇ ಕ್ಷಣದಲ್ಲಿ ಪ್ರತಿಕ್ರಿಯಿಸಬೇಕಾಗುತ್ತದೆ. ಒಬ್ಬರು ಅರ್ಧ ಸೆಕೆಂಡ್ ತಡಮಾಡಿದರೆ ಇಬ್ಬರೂ ನೀರಿನಲ್ಲಿರುತ್ತಾರೆ. ಅಂತರರಾಷ್ಟ್ರೀಯ ಮಟ್ಟದ ಜೋಡಿಗಳೂ ಮಗುಚುವುದು ಈ ವರ್ಗದಲ್ಲಿ ಸಾಮಾನ್ಯ, ಅದರಲ್ಲಿ ಅವಮಾನವೇನೂ ಇಲ್ಲ. ಎಷ್ಟು ಬೇಗ ಎದ್ದು ಮತ್ತೆ ಓಡುತ್ತಾರೆ ಎಂಬುದನ್ನೇ ಲೆಕ್ಕ ಹಿಡಿಯಲಾಗುತ್ತದೆ.

ಕೆಲಸದ ಹಂಚಿಕೆಯೂ ಬೇರೆ ದೋಣಿಗಳಿಗಿಂತ ಭಿನ್ನ. ಸಾಮಾನ್ಯವಾಗಿ ಚುಕ್ಕಾಣಿ ಹಿಡಿದವರೇ ಮುಖ್ಯ ಹಾಯಿಯ ಹಗ್ಗವನ್ನೂ ಹಿಡಿಯುತ್ತಾರೆ. ಇಲ್ಲಿ ಎದುರುಗಾಳಿಯ ಓಟದಲ್ಲಿ ಆ ಹಗ್ಗ ಸಹನಾವಿಕರ ಕೈಯಲ್ಲಿರುತ್ತದೆ. ಬೆನ್ನುಗಾಳಿಗೆ ತಿರುಗಿದಾಗ ಸ್ಪಿನ್ನಕರ್ ಹಾಯಿಯನ್ನು ಕೆಲವೇ ಸೆಕೆಂಡ್‌ಗಳಲ್ಲಿ ಮೇಲೇರಿಸುವುದು, ಅದರ ಹಗ್ಗವನ್ನು ಕ್ಷಣಕ್ಷಣಕ್ಕೂ ಬಿಗಿದು ಸಡಿಲಿಸುವುದು, ಕೆಳಗಿನ ತೇಲುಗುರುತಿನ ಬಳಿ ಅದನ್ನು ಮತ್ತೆ ಒಡಲೊಳಗೆ ಎಳೆದುಕೊಳ್ಳುವುದು ಎಲ್ಲವೂ ಸಹನಾವಿಕರ ಹೊಣೆ. ದೋಣಿಯ ದಿಕ್ಕು ಮತ್ತು ಬಹುಮಟ್ಟಿಗೆ ತಂತ್ರಗಾರಿಕೆ ಚುಕ್ಕಾಣಿಗರದು. ದೇಹಶ್ರಮ ಹೆಚ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ.

ವೇಗದ ಗುಟ್ಟು ‘ತೋರಿಕೆಯ ಗಾಳಿ’ಯಲ್ಲಿದೆ. ಗಾಳಿಯೇ ಇಲ್ಲದ ದಿನ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸ್ಕೂಟರ್ ಓಡಿಸುವವರ ಮುಖಕ್ಕೂ ಗಾಳಿ ಬಡಿಯುತ್ತದೆ. ಅದು ಅವರ ಚಲನೆಯಿಂದಲೇ ಹುಟ್ಟಿದ್ದು. ಹಾಯಿದೋಣಿಗೂ ಹಾಗೆಯೇ ನಿಜವಾದ ಗಾಳಿ ಮತ್ತು ಚಲನೆಯಿಂದ ಹುಟ್ಟಿದ ಗಾಳಿ ಎರಡೂ ಕೂಡಿದ ಒಂದು ಗಾಳಿ ಸಿಗುತ್ತದೆ. ಭಾರವಾದ ದೋಣಿಗಳು ಬೆನ್ನುಗಾಳಿಯಲ್ಲಿ ಗಾಳಿಯಿಂದ ನೂಕಿಸಿಕೊಂಡು ಸಾಗುತ್ತವೆ, ಆದ್ದರಿಂದ ಗಾಳಿಗಿಂತ ವೇಗವಾಗಿ ಹೋಗಲಾರವು. ಫಾರ್ಟಿನೈನರ್ ನೇರವಾಗಿ ಗಾಳಿಯ ಜೊತೆಗೆ ಹೋಗದೆ ಓರೆಯಾಗಿ, ಅತ್ತಿಂದಿತ್ತ ಹೊರಳುತ್ತ ಇಳಿಯುತ್ತದೆ. ವೇಗ ಏರಿದಂತೆ ತೋರಿಕೆಯ ಗಾಳಿ ದೋಣಿಯ ಮುಂಭಾಗಕ್ಕೆ ಸರಿದು ಬಲಗೊಳ್ಳುತ್ತದೆ, ಹಾಯಿ ವಿಮಾನದ ರೆಕ್ಕೆಯಂತೆ ವರ್ತಿಸತೊಡಗುತ್ತದೆ. ಹೀಗಾಗಿ ಹದವಾದ ಗಾಳಿಯಲ್ಲಿ ಇದು ಗಾಳಿಗಿಂತ ವೇಗವಾಗಿ ಓಡಬಲ್ಲದು, ಬಲವಾದ ಗಾಳಿಯಲ್ಲಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗವನ್ನು ಮೀರಬಲ್ಲದು. ಅತ್ಯಂತ ಅಪಾಯದ ಘಳಿಗೆಯೆಂದರೆ ಮೇಲಿನ ಗುರುತನ್ನು ಸುತ್ತಿ ದೋಣಿಯನ್ನು ಬೆನ್ನುಗಾಳಿಗೆ ತಿರುಗಿಸುವಾಗ. ಆಗ ಮೂತಿ ಅಲೆಯೊಳಗೆ ಹೂತು ದೋಣಿ ಮುಗ್ಗರಿಸುವುದುಂಟು.

ಸ್ಪರ್ಧೆಯ ಕ್ರಮ

ಒಂದು ಪಂದ್ಯಾವಳಿಯಲ್ಲಿ ಹಲವು ಓಟಗಳಿರುತ್ತವೆ. ಪ್ರತಿ ಓಟ ಸುಮಾರು ಅರ್ಧ ಗಂಟೆಯದು. ದೋಣಿಗಳು ಗಾಳಿಗೆ ಎದುರಾಗಿ ಓರೆಯೋರೆಯಾಗಿ ಏರಿ ಮೇಲಿನ ತೇಲುಗುರುತನ್ನು ಸುತ್ತಿ, ಬೆನ್ನುಗಾಳಿಯಲ್ಲಿ ಇಳಿದು ಬರಬೇಕು. ಅಂಕ ನೀಡುವ ಕ್ರಮ ಹೊಸಬರಿಗೆ ತಿರುಗುಮುರುಗಾಗಿ ತೋರಬಹುದು: ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಹೀಗೆ ಎಣಿಸಿ, ಕೊನೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಜೋಡಿ ಗೆಲ್ಲುತ್ತದೆ. ಅತ್ಯಂತ ಕೆಟ್ಟ ಫಲಿತಾಂಶವೊಂದನ್ನು ಲೆಕ್ಕದಿಂದ ಬಿಡಲಾಗುತ್ತದೆ. ಟೋಕಿಯೊದಲ್ಲಿ ಹನ್ನೆರಡು ಓಟಗಳ ಬಳಿಕ ಮೊದಲ ಹತ್ತು ಜೋಡಿಗಳಿಗೆ ಮಾತ್ರ ‘ಪದಕದ ಓಟ’ ನಡೆಯಿತು. ಅದರ ಅಂಕಗಳು ಇಮ್ಮಡಿ, ಅದನ್ನು ಬಿಟ್ಟುಬಿಡುವ ಅವಕಾಶವೂ ಇಲ್ಲ. ಈ ಕೊನೆಯ ನಿಯಮವೇ ಹಲವು ಒಲಿಂಪಿಕ್ಸ್‌ಗಳ ಕಥೆಯನ್ನು ಬರೆದಿದೆ.

ಒಲಿಂಪಿಕ್ಸ್‌ನಲ್ಲಿ

ಸಿಡ್ನಿಯಲ್ಲಿ ತವರಿನ ದೋಣಿಯೆಂಬ ಕಾರಣಕ್ಕೆ ಆಸ್ಟ್ರೇಲಿಯಾದ ಮೇಲೆ ಕಣ್ಣಿದ್ದರೂ ಮೊದಲ ಚಿನ್ನ ಫಿನ್‌ಲೆಂಡ್‌ನ ಥಾಮಸ್ ಯೊಹಾನ್ಸನ್ ಮತ್ತು ಯುರ್ಕಿ ಯಾರ್ವಿ ಅವರ ಪಾಲಾಯಿತು. ಬ್ರಿಟನ್ನಿನ ಇಯನ್ ಬಾರ್ಕರ್ ಮತ್ತು ಸೈಮನ್ ಹಿಸ್ಕಾಕ್ಸ್ ಬೆಳ್ಳಿ, ಅಮೆರಿಕದ ಜೊನಾಥನ್ ಮತ್ತು ಚಾರ್ಲಿ ಮೆಕೀ ಸೋದರರು ಕಂಚು ಪಡೆದರು. 2004ರ ಅಥೆನ್ಸ್‌ನಲ್ಲಿ ಸ್ಪೇನಿನ ಇಕೆರ್ ಮಾರ್ಟಿನೆಸ್ ಮತ್ತು ಶಾಬಿ ಫೆರ್ನಾಂಡೆಸ್ ಚಿನ್ನ ಗೆದ್ದರು; ಬೆಳ್ಳಿ ಉಕ್ರೇನಿಗೆ, ಕಂಚು ಬ್ರಿಟನ್ನಿಗೆ ಸಂದವು.

2008ರ ಬೀಜಿಂಗ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ಚಿಂಗ್‌ಡಾವ್ ಬಂದರಿನಲ್ಲಿ ನಡೆದವು. ಡೆನ್ಮಾರ್ಕಿನ ಯೊನಾಸ್ ವಾರರ್ ಮತ್ತು ಮಾರ್ಟಿನ್ ಕಿರ್ಕೆಟೆರ್ಪ್ ಅಂಕಪಟ್ಟಿಯ ತುದಿಯಲ್ಲಿದ್ದರು. ಪದಕದ ಓಟದ ದಿನ ಗಾಳಿ ಬಲವಾಗಿತ್ತು, ಅಲೆಗಳು ಎತ್ತರವಾಗಿದ್ದವು. ಓಟ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ ಡೆನ್ಮಾರ್ಕ್ ದೋಣಿಯ ಹಾಯಿಕಂಬ ಮುರಿಯಿತು. ಅದನ್ನು ಬದಲಿಸುವಷ್ಟು ಸಮಯವಿರಲಿಲ್ಲ. ಮೊದಲ ಹತ್ತರೊಳಗೆ ಬಾರದೆ ಅಂದು ದಡದಲ್ಲೇ ಉಳಿದಿದ್ದ ಕ್ರೊಯೇಷಿಯಾದ ಪಾವ್ಲೆ ಕೋಸ್ತೊವ್ ಮತ್ತು ಪೇತಾರ್ ತ್ಸುಪಾಚ್ ತಮ್ಮ ದೋಣಿಯನ್ನು ಅವರಿಗೆ ಬಿಟ್ಟುಕೊಟ್ಟರು. ಆರಂಭದ ಸಂಕೇತವಾದ ನಾಲ್ಕು ನಿಮಿಷಗಳೊಳಗೆ ಗೆರೆ ದಾಟದಿದ್ದರೆ ಓಟದಿಂದಲೇ ಹೊರಗೆ ಎಂಬ ನಿಯಮವಿತ್ತು. ಕ್ರೊಯೇಷಿಯಾದ ಗುರುತುಳ್ಳ ಹಾಯಿಯಡಿ ಡೆನ್ಮಾರ್ಕಿನವರು ಕೆಲವೇ ಸೆಕೆಂಡ್‌ಗಳು ಉಳಿದಿರುವಾಗ ಗೆರೆ ದಾಟಿದರು.

ಮುಂದೆ ಓಡುತ್ತಿದ್ದ ದೋಣಿಗಳು ಅಲೆಗಳಲ್ಲಿ ಒಂದೊಂದಾಗಿ ಮಗುಚಿದವು. ಚಿನ್ನ ಕೈಗೆಟುಕುವಂತಿದ್ದ ಆಸ್ಟ್ರೇಲಿಯಾದ ನೇಥನ್ ಔಟರಿಜ್ ಮತ್ತು ಬೆನ್ ಆಸ್ಟಿನ್ ಅಂತಿಮ ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಮಗುಚಿ ಪದಕವನ್ನೇ ಕಳೆದುಕೊಂಡರು. ತಡವಾಗಿ ಹೊರಟ ಡೆನ್ಮಾರ್ಕ್ ಜೋಡಿ ಏಳನೆಯವರಾಗಿ ಮುಗಿಸಿತು; ಚಿನ್ನಕ್ಕೆ ಅದು ಸಾಕಾಯಿತು. ಸ್ಪೇನಿನ ಮಾರ್ಟಿನೆಸ್ ಜೋಡಿ ಬೆಳ್ಳಿಗೂ, ಜರ್ಮನಿಯ ಪೆಕೋಲ್ಟ್ ಸೋದರರು ಕಂಚಿಗೂ ತೃಪ್ತಿಪಡಬೇಕಾಯಿತು. ಅನ್ಯರ ದೋಣಿ ಬಳಸಿದ್ದು ನಿಯಮಬಾಹಿರವೆಂದು ದೂರು ಎದ್ದಿತು. ತೀರ್ಪುಗಾರರು ಫಲಿತಾಂಶವನ್ನು ಉಳಿಸಿದರು. ಸ್ಪೇನ್ ಮತ್ತು ಇಟಲಿಯ ಒಲಿಂಪಿಕ್ ಸಮಿತಿಗಳು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಸಲ್ಲಿಸಿದ ಮೇಲ್ಮನವಿಗಳೂ ತಿರಸ್ಕೃತವಾದವು. ದೋಣಿ ಕೊಟ್ಟ ಕ್ರೊಯೇಷಿಯಾದವರಿಗೆ ಕ್ರೀಡಾಮನೋಭಾವಕ್ಕಾಗಿ ನೀಡುವ ಪಿಯೆರ್ ದ ಕೂಬರ್ತಾಂ ಪದಕ ಸಂದಿತು. ಒಲಿಂಪಿಕ್ ಚಿನ್ನಕ್ಕಿಂತ ಅದು ಅಪರೂಪದ ಪದಕ.

ಔಟರಿಜ್ ನಾಲ್ಕು ವರ್ಷಗಳ ಬಳಿಕ ಇಯನ್ ಜೆನ್ಸನ್ ಜೊತೆಗೂಡಿ ಲಂಡನ್ ಒಲಿಂಪಿಕ್ಸ್‌ಗೆ ಬಂದು, ಪದಕದ ಓಟಕ್ಕೆ ಮೊದಲೇ ಚಿನ್ನವನ್ನು ಖಚಿತಪಡಿಸಿಕೊಂಡರು. ಅಲ್ಲಿ ಬೆಳ್ಳಿ ಪಡೆದವರು ನ್ಯೂಜಿಲೆಂಡಿನ ಪೀಟರ್ ಬರ್ಲಿಂಗ್ ಮತ್ತು ಬ್ಲೇರ್ ಟ್ಯೂಕ್. ಆ ಸೋಲಿನ ನಂತರ ಈ ಜೋಡಿ 2013ರಿಂದ 2016ರವರೆಗೆ ಸತತ ನಾಲ್ಕು ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಗೆದ್ದಿತು. 2016ರ ರಿಯೊದಲ್ಲಿ ಅವರು ಎರಡನೆಯ ಸ್ಥಾನದ ಔಟರಿಜ್ ಜೋಡಿಗಿಂತ 43 ಅಂಕಗಳಷ್ಟು ಮುಂದಿದ್ದು ಚಿನ್ನ ಪಡೆದರು. 2019 ಮತ್ತು 2020ರ ವಿಶ್ವ ಪ್ರಶಸ್ತಿಗಳೂ ಅವರವೇ. ಇಷ್ಟಾಗಿಯೂ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯಲ್ಲಿ ಬ್ರಿಟನ್ನಿನ ಡಿಲನ್ ಫ್ಲೆಚರ್ ಮತ್ತು ಸ್ಟುವರ್ಟ್ ಬಿಥೆಲ್ ಜೋಡಿಯೊಂದಿಗೆ ಅಂಕಗಳಲ್ಲಿ ಸಮಸಮವಾಗಿ ನಿಂತರು. ಪದಕದ ಓಟವನ್ನು ಗೆದ್ದವರೆಂಬ ಕಾರಣಕ್ಕೆ ಚಿನ್ನ ಬ್ರಿಟನ್ನಿಗೆ ಹೋಯಿತು. ರಿಯೊ, ಟೋಕಿಯೊ ಎರಡರಲ್ಲೂ ಕಂಚು ಜರ್ಮನಿಯ ಎರಿಕ್ ಹೈಲ್ ಮತ್ತು ಥಾಮಸ್ ಪ್ಲೋಸೆಲ್ ಅವರದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ಮಾರ್ಸೇ ಬಂದರಿನಲ್ಲಿ ನಡೆದು, ಸ್ಪೇನಿನ ಡಿಯೆಗೊ ಬೊಟಿನ್ ಮತ್ತು ಫ್ಲೋರಿಯನ್ ಟ್ರಿಟೆಲ್ ಚಿನ್ನ ಗೆದ್ದರು. ನ್ಯೂಜಿಲೆಂಡ್ ಬೆಳ್ಳಿ, ಅಮೆರಿಕ ಕಂಚು ಪಡೆದವು.

ಫಾರ್ಟಿನೈನರ್‌ನಲ್ಲಿ ಪಳಗಿದವರಿಗೆ ವೃತ್ತಿಪರ ಹಾಯಿದೋಣಿ ಜಗತ್ತಿನಲ್ಲಿ ಬೇಡಿಕೆ ಹೆಚ್ಚು. ಬರ್ಲಿಂಗ್ 2017ರಲ್ಲಿ ನ್ಯೂಜಿಲೆಂಡ್ ತಂಡದ ಚುಕ್ಕಾಣಿ ಹಿಡಿದು ಅಮೆರಿಕಾಸ್ ಕಪ್ ಗೆದ್ದರು. ಟ್ಯೂಕ್ ಅದೇ ತಂಡದಲ್ಲಿದ್ದರು.

ಮಹಿಳಾ ವರ್ಗ

ಮಹಿಳೆಯರಿಗೆ ಸ್ಕಿಫ್ ದೋಣಿಯೊಂದನ್ನು ಆರಿಸಲು 2012ರ ಮಾರ್ಚ್‌ನಲ್ಲಿ ಸ್ಪೇನಿನ ಸಾಂತಾಂದೇರ್‌ನಲ್ಲಿ ಪರೀಕ್ಷಾರ್ಥ ಓಟಗಳು ನಡೆದು ಫಾರ್ಟಿನೈನರ್ ಎಫ್‌ಎಕ್ಸ್ ಆಯ್ಕೆಯಾಯಿತು. ಒಡಲು, ರೆಕ್ಕೆ, ಚುಕ್ಕಾಣಿಗಳೆಲ್ಲ ಅವೇ; ಹಾಯಿಕಂಬ ಗಿಡ್ಡ, ಹಾಯಿಗಳು ಕಡಿಮೆ ವಿಸ್ತೀರ್ಣದವು. ಇರುವ ದೋಣಿಗೇ ಹೊಸ ಹಾಯಿ ಕಟ್ಟಿ ಬಳಸಬಹುದೆಂಬುದು ಆಯ್ಕೆಗೆ ಅನುಕೂಲಕರ ಅಂಶವಾಗಿತ್ತು.

ಮೊದಲ ವಿಶ್ವ ಚಾಂಪಿಯನ್‌ಷಿಪ್ 2013ರಲ್ಲಿ ಮಾರ್ಸೇಯಲ್ಲಿ ನಡೆದು ನ್ಯೂಜಿಲೆಂಡಿನ ಅಲೆಕ್ಸ್ ಮಲೋನಿ ಮತ್ತು ಮಾಲಿ ಮೀಚ್ ಗೆದ್ದರು. ರಿಯೊ ಒಲಿಂಪಿಕ್ಸ್‌ನ ಪದಕದ ಓಟಕ್ಕೆ ನಾಲ್ಕು ಜೋಡಿಗಳು ಒಂದೇ ಅಂಕದ ಅಂತರದೊಳಗೆ ಇಳಿದಿದ್ದವು. ತಮ್ಮದೇ ಊರಿನ ಗ್ವಾನಬಾರಾ ಕೊಲ್ಲಿಯಲ್ಲಿ ಬ್ರೆಜಿಲ್‌ನ ಮಾರ್ಟಿನಿ ಗ್ರಾಯೆಲ್ ಮತ್ತು ಕಹೇನಾ ಕುಂಜೆ ಕೇವಲ ಎರಡು ಸೆಕೆಂಡ್‌ಗಳ ಅಂತರದಲ್ಲಿ ಮಲೋನಿ ಜೋಡಿಯನ್ನು ಹಿಂದಿಕ್ಕಿದರು. ಐದು ವರ್ಷಗಳ ಬಳಿಕ ಟೋಕಿಯೊದಲ್ಲಿಯೂ ಚಿನ್ನ ಅವರದೇ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಒಡೀಲ್ ವಾನ್ ಆನ್‌ಹೋಲ್ಟ್ ಮತ್ತು ಆನೆಟ್ ಡ್ಯೂಟ್ಸ್ ಗೆದ್ದರು.

ಭಾರತದಲ್ಲಿ

ಒಲಿಂಪಿಕ್ ಹಾಯಿದೋಣಿ ಸ್ಪರ್ಧೆಯಲ್ಲಿ ಭಾರತದ ಆರಂಭ ಇಬ್ಬರ ದೋಣಿಯಿಂದಲೇ ಆಯಿತು: 1972ರಲ್ಲಿ ಸೊಹ್ರಾಬ್ ಕಂಟ್ರಾಕ್ಟರ್ ಮತ್ತು ಎ. ಬಾಸಿತ್ ಫ್ಲೈಯಿಂಗ್ ಡಚ್‌ಮನ್ ವರ್ಗದಲ್ಲಿ ಸ್ಪರ್ಧಿಸಿದರು. 1984, 1988 ಮತ್ತು 1992ರಲ್ಲಿ ಫಾರೂಖ್ ತಾರಾಪೋರ್ ಬೇರೆಬೇರೆ ಜೊತೆಗಾರರೊಂದಿಗೆ 470 ವರ್ಗದಲ್ಲಿ ಪಾಲ್ಗೊಂಡರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈರ್‌ಬಾಲ್ ವರ್ಗದಲ್ಲಿ ಝರೀರ್ ಕರಂಜಿಯಾ ಅವರೊಂದಿಗೆ ಚಿನ್ನ ಗೆದ್ದವರೂ ಇದೇ ತಾರಾಪೋರ್. ಫಾರ್ಟಿನೈನರ್‌ನಲ್ಲಿ ಭಾರತದ ಮೊದಲ ಒಲಿಂಪಿಕ್ ಜೋಡಿ 2004ರಲ್ಲಿ ಅಥೆನ್ಸ್‌ಗೆ ಹೋದ ಮಾಲವ್ ಶ್ರಾಫ್ ಮತ್ತು ಸುಮೀತ್ ಪಟೇಲ್.

ಅದಾದ ಮೇಲೆ ಈ ವರ್ಗದಲ್ಲಿ ಒಲಿಂಪಿಕ್ ಪ್ರವೇಶಕ್ಕೆ ಹದಿನೇಳು ವರ್ಷ ಕಾಯಬೇಕಾಯಿತು. ನಡುವೆ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟ ಭಾರತದ ಸ್ಕಿಫ್ ನಾವಿಕರಿಗೆ ಹಿತವಾದದ್ದಾಗಿತ್ತು. ಮಹಿಳೆಯರ ಎಫ್‌ಎಕ್ಸ್ ವರ್ಗದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೆರ್ವೆಗಾರ್ ಬೆಳ್ಳಿ ಗೆದ್ದರು. ಪುರುಷರ ವರ್ಗದಲ್ಲಿ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಕಂಚು ಪಡೆದರು. ಆ ಕೂಟದಲ್ಲಿ ಭಾರತಕ್ಕೆ ಹಾಯಿದೋಣಿಯಿಂದ ಬಂದ ಮೂರು ಪದಕಗಳಲ್ಲಿ ಎರಡು ಇವು.

ಗಣಪತಿಯವರ ಹೆಸರಿನ ಮೊದಲಲ್ಲಿರುವ ‘ಕೇಳಪಂಡ’ ಎಂಬುದು ಕೊಡವ ಒಕ್ಕದ ಹೆಸರು. ಹಾಕಿಗೂ ಸೈನ್ಯಕ್ಕೂ ಹೆಸರಾದ, ಕಡಲೇ ಇಲ್ಲದ ಕೊಡಗಿನ ಮನೆತನದ ಹೆಸರೊಂದು ಒಲಿಂಪಿಕ್ ಹಾಯಿದೋಣಿಯ ಅಂಕಪಟ್ಟಿಯಲ್ಲಿ ಕಾಣಿಸಿದ್ದು ಕರ್ನಾಟಕದ ಓದುಗರಿಗೆ ಕುತೂಹಲದ ವಿಷಯ. ಆದರೆ ಅವರು ಹಾಯಿದೋಣಿಯನ್ನು ರೂಢಿಸಿಕೊಂಡದ್ದು ಚೆನ್ನೈಯಲ್ಲಿ, ಬಂಗಾಳ ಕೊಲ್ಲಿಯ ಅಲೆಗಳ ಮೇಲೆ. ಜೊತೆಗಾರ ವರುಣ್ ಠಕ್ಕರ್ ಕೂಡ ಚೆನ್ನೈಯವರೇ. 2021ರ ಏಪ್ರಿಲ್‌ನಲ್ಲಿ ಒಮಾನಿನ ಮುಸ್ಸನಾದಲ್ಲಿ ನಡೆದ ಏಷ್ಯಾ ಅರ್ಹತಾ ಪಂದ್ಯಾವಳಿಯಲ್ಲಿ ಈ ಜೋಡಿ ಮೊದಲ ಸ್ಥಾನ ಪಡೆದು ಟೋಕಿಯೊಗೆ ಪ್ರವೇಶ ಗಳಿಸಿತು. ಅದೇ ಪಂದ್ಯಾವಳಿಯಲ್ಲಿ ನೇತ್ರಾ ಕುಮಣನ್ ಮತ್ತು ವಿಷ್ಣು ಸರವಣನ್ ಒಬ್ಬರೇ ನಡೆಸುವ ಲೇಸರ್ ವರ್ಗಗಳಲ್ಲಿ ಅರ್ಹರಾದರು. ಒಂದೇ ಒಲಿಂಪಿಕ್ಸ್‌ನಲ್ಲಿ ಭಾರತ ಹಾಯಿದೋಣಿಯ ಮೂರು ವಿಭಾಗಗಳಲ್ಲಿ ಸ್ಪರ್ಧಿಸಿದ್ದು ಅದೇ ಮೊದಲು.

ಕೊರೊನಾ ಸಾಂಕ್ರಾಮಿಕದ ದಿನಗಳಲ್ಲಿ ಗಣಪತಿ ಮತ್ತು ಠಕ್ಕರ್ ಪೋರ್ಚುಗಲ್‌ನ ಕಾಸ್ಕಾಯಿಶ್‌ನಲ್ಲಿ ಅಭ್ಯಾಸ ನಡೆಸಿ, ಎನೊಶಿಮಾ ಬಂದರಿನಲ್ಲಿ ನಡೆದ ಒಲಿಂಪಿಕ್ ಸ್ಪರ್ಧೆಯಲ್ಲಿ 19 ಜೋಡಿಗಳ ನಡುವೆ 17ನೆಯ ಸ್ಥಾನ ಪಡೆದರು. ಅಂಕಿಯಾಗಿ ನೋಡಿದರೆ ಇದು ಸಣ್ಣ ಸಾಧನೆ. ಯೂರೋಪಿನ ಜೋಡಿಗಳು ವರ್ಷದ ಬಹುಭಾಗ ಹತ್ತಾರು ಸಮಬಲದ ದೋಣಿಗಳ ನಡುವೆ ಅಭ್ಯಾಸ ಮಾಡುವ ವರ್ಗದಲ್ಲಿ, ಸರಿಸಾಟಿ ಎದುರಾಳಿಗಾಗಿ ಖಂಡ ದಾಟಬೇಕಾದ ಜೋಡಿಯ ಫಲಿತಾಂಶವೆಂದು ನೋಡಿದರೆ ಅದರ ತೂಕ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ನೇತ್ರಾ ಮತ್ತು ವಿಷ್ಣು ಇಬ್ಬರೇ ಹೋದರು. ಫಾರ್ಟಿನೈನರ್‌ನಲ್ಲಿ ಭಾರತದ ದೋಣಿ ಇರಲಿಲ್ಲ.

ಕರ್ನಾಟಕ ಮತ್ತು ಬೆಂಗಳೂರು

ಉದ್ದನೆಯ ಕರಾವಳಿ ಇದ್ದರೂ ಕರ್ನಾಟಕದಲ್ಲಿ ಸ್ಪರ್ಧಾ ಹಾಯಿದೋಣಿಯ ಪರಿಚಿತ ನೆಲೆಗಳು ಒಳನಾಡಿನಲ್ಲಿವೆ. ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಮದರಾಸು ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿದೋಣಿ ಅಭ್ಯಾಸವನ್ನು ಬೆಳೆಸಿಕೊಂಡು ಬಂದಿದ್ದಾರೆ. ಅಲ್ಲಿನ ತೃಷ್ಣಾ ಸೈಲಿಂಗ್ ಕ್ಲಬ್‌ನ ಹೆಸರು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿದ ಸೇನಾ ಎಂಜಿನಿಯರುಗಳ ‘ತೃಷ್ಣಾ’ ಎಂಬ ಹಾಯಿದೋಣಿಯನ್ನು ನೆನಪಿಸುತ್ತದೆ. ಮೈಸೂರಿನ ಬಳಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರ್ ಸೈಲಿಂಗ್ ಕ್ಲಬ್ ಇದೆ.

ಆದರೆ ಕೆರೆಯ ನೀರು ಆಪ್ಟಿಮಿಸ್ಟ್, ಲೇಸರ್, ಎಂಟರ್‌ಪ್ರೈಸ್‌ಗಳಂಥ ದೋಣಿಗಳಿಗೆ ಒಗ್ಗುವಂತೆ ಫಾರ್ಟಿನೈನರ್‌ಗೆ ಒಗ್ಗದು. ಆರ್.ಟಿ. ನಗರದವರಿಗೆ ಹತ್ತಿರದ ಹೆಬ್ಬಾಳ ಕೆರೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅದು ನೂರೈವತ್ತು ಎಕರೆಯ ಆಸುಪಾಸಿನದು. ಅಲ್ಲಿ ಸ್ಪರ್ಧಾ ಹಾಯಿದೋಣಿಗಳ ಓಟವಿಲ್ಲ, ಹಲಸೂರು ಕೆರೆ ಅದಕ್ಕಿಂತಲೂ ತುಸು ಚಿಕ್ಕದು. 20 ನಾಟ್ ವೇಗದ ದೋಣಿ ಒಂದು ಕಿಲೋಮೀಟರನ್ನು ನೂರು ಸೆಕೆಂಡ್‌ಗಿಂತ ಕಡಿಮೆ ಅವಧಿಯಲ್ಲಿ ದಾಟುತ್ತದೆ. ಸ್ಪಿನ್ನಕರ್ ಪೂರ್ತಿ ತುಂಬಿಕೊಳ್ಳುವಷ್ಟರಲ್ಲಿ ಎದುರಿನ ದಡ ಬಂದಿರುತ್ತದೆ. ಮೇಲಾಗಿ ಸುತ್ತಲಿನ ಕಟ್ಟಡ ಮತ್ತು ಮರಗಳ ನಡುವೆ ನುಸುಳಿ ಬರುವ ಗಾಳಿ ಕ್ಷಣಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ಗಾಳಿಯ ಈ ಚಂಚಲತೆಯನ್ನು ಓದಲು ಕಲಿಯುವುದಕ್ಕೆ ಕೆರೆ ಒಳ್ಳೆಯ ಪಾಠಶಾಲೆ. ಅಲೆಯ ಮೇಲೆ ದೋಣಿಯನ್ನು ನಿಲ್ಲಿಸುವ ವಿದ್ಯೆ ಮಾತ್ರ ಅಲ್ಲಿ ಸಿಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಆಪ್ಟಿಮಿಸ್ಟ್‌ನಿಂದ ತೊಡಗಿ, ಹದಿಹರೆಯದಲ್ಲಿ ಬೆಥ್‌ವೇಟ್ ಅವರೇ ಕಿರಿಯರಿಗಾಗಿ ರೂಪಿಸಿದ ಟ್ವೆಂಟಿನೈನರ್ ದೋಣಿಗೆ ಏರಿ, ಬಳಿಕ ಫಾರ್ಟಿನೈನರ್‌ಗೆ ಬರುವುದು ವಾಡಿಕೆಯ ದಾರಿ. ಭಾರತದ ವರ್ಷಾ ಗೌತಮ್ ಈ ದಾರಿಯಲ್ಲಿ ನಡೆದವರು: ಎಫ್‌ಎಕ್ಸ್‌ಗೆ ಬರುವ ಮುನ್ನ 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಐಶ್ವರ್ಯಾ ನೆಡುಂಚೆಳಿಯನ್ ಅವರೊಂದಿಗೆ ಟ್ವೆಂಟಿನೈನರ್ ವರ್ಗದ ಕಂಚು ಗೆದ್ದಿದ್ದರು.